ನೆರೆ ನೀರಿನ ಲೆಕ್ಕ ಹಾಕಿದ ವಿಶ್ವೇಶ್ವರಯ್ಯ: ಮೂಸಿಯಿಂದ ಮಹಾನದಿಯವರೆಗೆ, ಸ್ವರ್ಣೆಗೂ ಉಂಟು ಪಾಠ

ಕುಕ್ಕುಂದೂರು: ಸೆಪ್ಟೆಂಬರ್ 15 ಬಂತೆಂದರೆ ಶಾಲೆ, ಕಾಲೇಜು, ಸರ್ಕಾರಿ ಕಚೇರಿಗಳಲ್ಲಿ ಮೈಸೂರು ಪೇಟ ಇಟ್ಟ ಒಬ್ಬರ ಫೋಟೋಕ್ಕೆ ಹಾರ ಬೀಳುತ್ತದೆ. ಎಂಜಿನಿಯರ್ಸ್ ಡೇ. ಭಾಷಣದಲ್ಲಿ ಕನ್ನಂಬಾಡಿ ಕಟ್ಟೆ, ಭದ್ರಾವತಿ ಕಾರ್ಖಾನೆ, ಮೈಸೂರು ಬ್ಯಾಂಕ್, ಗಂಧದೆಣ್ಣೆ ಎಲ್ಲ ಬಂದು ಹೋಗುತ್ತದೆ. ಸಮಯಪಾಲನೆಯ ಬಗ್ಗೆ ನಾಲ್ಕು ಮಾತು, ಆಮೇಲೆ ಚಹಾ, ತಿಂಡಿ. ಕಾರ್ಯಕ್ರಮ ಮುಗಿಯಿತು.

ಆದರೆ ಸರ್ ಎಂ. ವಿಶ್ವೇಶ್ವರಯ್ಯ ಅವರ ಬದುಕಿನಲ್ಲಿ ಇನ್ನೊಂದು ಅಧ್ಯಾಯ ಉಂಟು. ಅದು ನೆರೆಯ ಅಧ್ಯಾಯ. ಕರಾವಳಿಯವರಿಗೆ ಕನ್ನಂಬಾಡಿಗಿಂತ ಹತ್ತಿರದ್ದು ಅದೇ.

2020ರ ಸೆಪ್ಟೆಂಬರ್ ಅನ್ನು ನೆನಪು ಮಾಡಿಕೊಳ್ಳಿ. ಆ ವರ್ಷ ಎಂಜಿನಿಯರ್ಸ್ ಡೇ ಮುಗಿದು ಐದೇ ದಿನಕ್ಕೆ, 20ನೇ ತಾರೀಕು ಭಾನುವಾರ, ಉಡುಪಿ ಜಿಲ್ಲೆ ನೀರಿನಲ್ಲಿ ಎದ್ದಿತು. ಜಿಲ್ಲೆಯ ಹಲವು ಕಡೆ ಒಂದೇ ದಿನದಲ್ಲಿ 300 ಮಿಲಿಮೀಟರ್ ದಾಟಿ ಮಳೆ ಸುರಿದಿತ್ತು. ಸ್ವರ್ಣಾ ನದಿ ದಂಡೆ ಮೀರಿತು. ಉಡುಪಿ ಪೇಟೆಯ ತಗ್ಗಿನ ಅಂಗಡಿಗಳಲ್ಲಿ ಶಟರ್ ಎತ್ತುವಷ್ಟರಲ್ಲಿ ಒಳಗಿನ ಮಾಲು ತೇಲುತ್ತಿತ್ತು. ಜನರನ್ನು ದೋಣಿಯಲ್ಲಿ ಹೊರಗೆ ತರಬೇಕಾಯಿತು. ಇಷ್ಟು ನೀರು ಎಲ್ಲಿಂದ ಬಂತು ಮಾರಾಯ್ರೆ ಎಂದು ಎಲ್ಲರೂ ಕೇಳಿದರು. ನೀರು ಇಳಿದ ಮೇಲೆ ಆ ಪ್ರಶ್ನೆಯೂ ಇಳಿದು ಹೋಯಿತು.

ನೂರು ವರ್ಷಕ್ಕೂ ಹಿಂದೆ ಇದೇ ಪ್ರಶ್ನೆಯನ್ನು ಬಿಡದೆ ಹಿಡಿದು, ಅಳತೆ ಮಾಡಿ, ಲೆಕ್ಕ ಹಾಕಿ ಉತ್ತರ ಕೊಟ್ಟವರು ವಿಶ್ವೇಶ್ವರಯ್ಯ.

ಮುದ್ದೇನಹಳ್ಳಿಯ ಹುಡುಗ

ಮೋಕ್ಷಗುಂಡಂ ವಿಶ್ವೇಶ್ವರಯ್ಯ ಹುಟ್ಟಿದ್ದು 1861ರ ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಹೆಸರಿನ ಮುಂದಿರುವ ಮೋಕ್ಷಗುಂಡಂ ಎಂಬುದು ಆಂಧ್ರದ ಒಂದು ಊರು. ಪೂರ್ವಜರು ಅಲ್ಲಿಂದ ಬಂದವರು. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಮನೆಯಲ್ಲಿ ಪಾಂಡಿತ್ಯ ಇತ್ತು, ದುಡ್ಡು ಇರಲಿಲ್ಲ.

ಹುಡುಗ ಹೈಸ್ಕೂಲು ಪ್ರಾಯದಲ್ಲಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿಗೆ ಹೋಗಿ ಸೋದರಮಾವನ ಆಸರೆಯಲ್ಲಿ ಓದಿದರು. ಖರ್ಚಿಗೆ ಬೇರೆಯವರ ಮಕ್ಕಳಿಗೆ ಪಾಠ ಹೇಳಿಕೊಟ್ಟರು. ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು. ಪುಣೆಯ ಸೈನ್ಸ್ ಕಾಲೇಜಿಗೆ ಹೋಗಿ 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದರು. 1884ರಲ್ಲಿ ಮುಂಬೈ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್ ಆದರು. ನಾಸಿಕ್ ಕಡೆ ಮೊದಲ ಕೆಲಸ.

ಅಲ್ಲಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ನೀರಿನದ್ದೇ ಕೆಲಸ. ಕುಡಿಯುವ ನೀರು, ಗದ್ದೆಯ ನೀರು, ಚರಂಡಿ ನೀರು, ಮಳೆ ನೀರು.

ನದಿಯ ಮರಳೇ ಫಿಲ್ಟರ್

1890ರ ದಶಕದಲ್ಲಿ ಅವರನ್ನು ಸಿಂಧ್ ಪ್ರಾಂತ್ಯದ ಸಕ್ಕರ್ ಎಂಬ ಊರಿಗೆ ಕಳಿಸಿದರು. ಸಿಂಧೂ ನದಿಯ ದಂಡೆಯ ಊರು ಅದು. ನದಿ ಪಕ್ಕದಲ್ಲೇ ಇದೆ, ಆದರೆ ನೀರು ಕೆಸರು. ಸೋಸುವ ದೊಡ್ಡ ವ್ಯವಸ್ಥೆ ಕಟ್ಟಲು ಊರಿನ ಪುರಸಭೆಯ ಹತ್ತಿರ ಅಷ್ಟು ದುಡ್ಡಿಲ್ಲ.

ವಿಶ್ವೇಶ್ವರಯ್ಯ ನದಿಯನ್ನೇ ನೋಡಿದರು. ಪಾತ್ರದ ತುಂಬ ಮರಳು. ದಂಡೆಯ ಹತ್ತಿರ ಪಾತ್ರದಲ್ಲೇ ಬಾವಿ ಇಳಿಸಿದರು. ಮರಳಿನ ಎಡೆಯಿಂದ ಇಳಿದು ಬಾವಿಗೆ ಬರುವ ಹೊತ್ತಿಗೆ ನೀರು ತಿಳಿಯಾಗಿರುತ್ತಿತ್ತು. ಅದನ್ನು ಪಂಪಿನಲ್ಲಿ ಮೇಲಕ್ಕೆತ್ತಿ ಊರಿಗೆ ಕೊಟ್ಟರು. ಬಾವಿ, ಪಂಪು, ಪೈಪು ಮನುಷ್ಯನದ್ದು. ಸೋಸುವ ಕೆಲಸ ಮಾತ್ರ ಮರಳಿನದ್ದು.

ಮನೆಯ ಬಾವಿಗೆ ಹತ್ತಿರದ ಹೊಳೆಯ ಮರಳು ಎಷ್ಟು ಮುಖ್ಯ ಅಂತ ಕರಾವಳಿಯವರಿಗೆ ಬೇರೆ ಹೇಳಬೇಕಾಗಿಲ್ಲ. ಮರಳು ತೆಗೆದ ಹೊಳೆಯ ಪಕ್ಕದ ಬಾವಿಗಳ ಗತಿ ಎಂಥದ್ದು ಅಂತ ನೋಡಿದವರು ಇದ್ದಾರೆ.

ಪುಣೆಯ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟಿನಲ್ಲಿ ಅವರು ಮಾಡಿದ್ದು ಇನ್ನೊಂದು ಬಗೆಯ ಕೆಲಸ. ಅಣೆಕಟ್ಟಿನ ಕೋಡಿಯ ಮೇಲೆ ಹೆಚ್ಚುವರಿ ನೀರು ಸುಮ್ಮನೆ ಹರಿದು ಹೋಗುತ್ತಿತ್ತು. ಗೋಡೆ ಎತ್ತರಿಸಿದರೆ ನೀರು ಹೆಚ್ಚು ನಿಲ್ಲುತ್ತದೆ, ಆದರೆ ದೊಡ್ಡ ನೆರೆ ಬಂದರೆ ಅಣೆಕಟ್ಟಿಗೇ ಅಪಾಯ. ಅದಕ್ಕೆ ಅವರು ತಾನಾಗಿ ತೆರೆದುಕೊಳ್ಳುವ ಬಾಗಿಲುಗಳನ್ನು ರೂಪಿಸಿ 1903ರಲ್ಲಿ ಅಳವಡಿಸಿದರು. ನೀರು ಒಂದು ಮಟ್ಟದವರೆಗೆ ಏರಿದಾಗ ಬಾಗಿಲು ಮುಚ್ಚಿಯೇ ಇರುತ್ತದೆ. ಅದಕ್ಕಿಂತ ಮೇಲೆ ಬಂದರೆ ಯಾರೂ ಮುಟ್ಟದೆ ತೆರೆಯುತ್ತದೆ. ನೆರೆ ಇಳಿದರೆ ಮತ್ತೆ ಮುಚ್ಚುತ್ತದೆ. ಹೀಗೆ ಹಳೆಯ ಮಟ್ಟಕ್ಕಿಂತ 8 ಅಡಿ ಹೆಚ್ಚು ನೀರು ನಿಂತಿತು. ಇದೇ ಬಾಗಿಲುಗಳು ಮುಂದೆ ಗ್ವಾಲಿಯರ್ ಕಡೆಯ ತಿಗ್ರಾ ಅಣೆಕಟ್ಟಿಗೂ, ಕನ್ನಂಬಾಡಿಗೂ ಬಂದವು.

ನೀರನ್ನು ಹಿಡಿಯಬೇಕು, ಆದರೆ ಅದಕ್ಕೆ ಹೊರಟು ಹೋಗುವ ದಾರಿಯನ್ನೂ ಇಟ್ಟಿರಬೇಕು. ಅವರ ಮುಂದಿನ ಎಲ್ಲ ನೆರೆ ಕೆಲಸದಲ್ಲಿಯೂ ಈ ಎರಡು ಒಟ್ಟಿಗೇ ಬರುತ್ತವೆ.

1908, ಮೂಸಿ ಉಕ್ಕಿದ ದಿನ

1908ರಲ್ಲಿ ವಿಶ್ವೇಶ್ವರಯ್ಯ ಮುಂಬೈ ಸರ್ಕಾರದ ಕೆಲಸ ಬಿಟ್ಟು ವಿದೇಶ ಪ್ರವಾಸ ಹೊರಟಿದ್ದರು. ಅದೇ ಹೊತ್ತಿಗೆ ಹೈದರಾಬಾದಿನಲ್ಲಿ ದೊಡ್ಡ ಅನಾಹುತ ನಡೆಯಿತು.

ಹೈದರಾಬಾದ್ ನಮ್ಮ ಕಡೆಯ ಹಾಗೆ ಮಳೆಯ ಊರಲ್ಲ. ಇಡೀ ವರ್ಷಕ್ಕೆ ಅಲ್ಲಿ ಬೀಳುವುದು ಸುಮಾರು 30 ಅಂಗುಲ. ಆದರೆ ಆ ಸೆಪ್ಟೆಂಬರ್ ಕೊನೆಯಲ್ಲಿ ನಗರದ ಮೇಲ್ಭಾಗದ ಶಂಷಾಬಾದ್‌ನಲ್ಲಿ 48 ಗಂಟೆಗಳಲ್ಲಿ ಸುಮಾರು 19 ಅಂಗುಲ ಸುರಿಯಿತು. ಸೆಪ್ಟೆಂಬರ್ 28ರಂದು ಮೂಸಿ ನದಿ ನಗರದ ಒಳಗೆ ನುಗ್ಗಿತು. ಮೂರು ಸೇತುವೆಗಳು ನಾಶವಾದವು. ಸಾವಿರಾರು ಮನೆಗಳು ಬಿದ್ದವು. ಸತ್ತವರು ಸುಮಾರು 15,000 ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ.

ಆ ದಿನ ಅಫ್ಜಲ್‌ಗಂಜ್‌ನಲ್ಲಿ ಒಂದು ದೊಡ್ಡ ಹುಣಸೆ ಮರ ಇತ್ತು. ಕೈಗೆ ಸಿಕ್ಕಿದ ಕೊಂಬೆ ಹಿಡಿದು ಅದನ್ನು ಹತ್ತಿದ ಸುಮಾರು 150 ಮಂದಿ ಬದುಕಿದರು. ಆ ಮರ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ. ಪ್ರತಿ ಸೆಪ್ಟೆಂಬರ್ 28ಕ್ಕೆ ಜನ ಅದರ ಅಡಿಯಲ್ಲಿ ಸೇರಿ ಸತ್ತವರನ್ನು ನೆನೆಯುವುದುಂಟು. ಕಲ್ಲಿನ ಸೇತುವೆಗಳು ಹೋದವು, ಬೇರು ಬಿಟ್ಟ ಮರ ನಿಂತಿತು.

ನಿಜಾಮರ ಸರ್ಕಾರ ವಿದೇಶದಲ್ಲಿದ್ದ ವಿಶ್ವೇಶ್ವರಯ್ಯ ಅವರಿಗೆ ಕರೆ ಕಳಿಸಿತು. 1909ರಲ್ಲಿ ಅವರು ಹೈದರಾಬಾದಿಗೆ ಬಂದರು.

ಮೊದಲು ಲೆಕ್ಕ, ಆಮೇಲೆ ಕಲ್ಲು

ಈಗಿನ ಕಾಲದಲ್ಲಿ ಆಗಿದ್ದರೆ ಮರುದಿನವೇ ತಡೆಗೋಡೆಗೆ ಟೆಂಡರ್ ಆಗುತ್ತಿತ್ತೋ ಏನೋ. ವಿಶ್ವೇಶ್ವರಯ್ಯ ಹಾಗೆ ಮಾಡಲಿಲ್ಲ. ನಗರ ಬಿಟ್ಟು ನದಿಯ ಮೇಲಕ್ಕೆ ಲೆಕ್ಕ ತೆಗೆದರು. ಎಲ್ಲೆಲ್ಲಿ ಎಷ್ಟು ಮಳೆ ಬಿತ್ತು, ಗೋಡೆಗಳ ಮೇಲೆ ನೀರಿನ ಕಲೆ ಎಷ್ಟು ಎತ್ತರಕ್ಕೆ ಉಂಟು, ನದಿಯ ಅಗಲ ಎಷ್ಟು, ಇಳಿಜಾರು ಎಷ್ಟು. ನೆರೆಯ ಉತ್ತುಂಗದಲ್ಲಿ ಮೂಸಿಯಲ್ಲಿ ಸೆಕೆಂಡಿಗೆ ಸುಮಾರು 4.25 ಲಕ್ಷ ಘನ ಅಡಿ ನೀರು ಹರಿದಿತ್ತು ಎಂಬುದು ಸಿಕ್ಕಿದ ಉತ್ತರ.

ಇನ್ನೊಂದು ಸಂಗತಿಯೂ ಬೆಳಕಿಗೆ ಬಂತು. ನಗರದ ಮೇಲ್ಭಾಗದಲ್ಲಿ ಮೂಸಿಗೆ ನೀರು ಕೊಡುವ ಪ್ರದೇಶದಲ್ಲಿ ಸುಮಾರು 800 ಸಣ್ಣ ದೊಡ್ಡ ಕೆರೆಗಳಿದ್ದವು. ಮಳೆಗೆ ಅವುಗಳಲ್ಲಿ 200ಕ್ಕೂ ಹೆಚ್ಚು ಒಡೆದಿದ್ದವು. ಮೇಲಿನ ಕೆರೆ ಒಡೆದರೆ ಅದರ ನೀರು ಕೆಳಗಿನ ಕೆರೆಗೆ, ಅದೂ ಒಡೆದರೆ ಅದರ ಕೆಳಗಿನದಕ್ಕೆ. ಕೆರೆ ಗಟ್ಟಿ ಇದ್ದರೆ ನೆರೆಯನ್ನು ತಡೆಯುತ್ತದೆ. ಏರಿ ಸಡಿಲವಾಗಿದ್ದರೆ ಅದೇ ಕೆರೆ ನೆರೆಯನ್ನು ದೊಡ್ಡದು ಮಾಡುತ್ತದೆ. ಮಳೆ ಬಂದದ್ದು ಆಕಾಶದಿಂದ. ಆದರೆ ಅನಾಹುತದಲ್ಲಿ ಮನುಷ್ಯರ ಪಾಲೂ ಇತ್ತು.

1909ರ ಅಕ್ಟೋಬರಿನಲ್ಲಿ ಅವರು ಕೊಟ್ಟ ವರದಿಯಲ್ಲಿ ಎರಡು ಮುಖ್ಯ ಸಲಹೆ ಇದ್ದವು.

ಒಂದು, ನೆರೆಯನ್ನು ನಗರದ ಬಾಗಿಲಲ್ಲಿ ತಡೆಯುವುದಲ್ಲ, ನಗರಕ್ಕೆ ಬರುವ ಮೊದಲೇ ಹಿಡಿಯಬೇಕು. ಅದಕ್ಕೆ ನಗರದ ಮೇಲ್ಭಾಗದಲ್ಲಿ ಮೂಸಿಗೆ ಒಂದು, ಅದರ ಉಪನದಿ ಈಸಿಗೆ ಒಂದು ಜಲಾಶಯ. ಮಳೆಗಾಲದಲ್ಲಿ ಅವುಗಳಲ್ಲಿ ಜಾಗ ಖಾಲಿ ಇರಬೇಕು. ನೆರೆ ಬಂದಾಗ ನೀರು ಅಲ್ಲಿ ನಿಲ್ಲುತ್ತದೆ, ಆಮೇಲೆ ನದಿ ತಾಳುವಷ್ಟೇ ಕೆಳಗೆ ಬಿಡುವುದು. ಹಬ್ಬದ ದಿನ ಅಂಗಡಿಯಲ್ಲಿ ನೂರು ಜನ ಒಟ್ಟಿಗೆ ಕೌಂಟರಿಗೆ ನುಗ್ಗಿದರೆ ಗಾಜು ಒಡೆಯುತ್ತದೆ. ಹೊರಗೆ ನಿಲ್ಲಿಸಿ ಹತ್ತು ಹತ್ತು ಜನರನ್ನು ಬಿಟ್ಟರೆ ಎಲ್ಲರಿಗೂ ಸಾಮಾನು ಸಿಗುತ್ತದೆ. ಅಷ್ಟೇ ಲೆಕ್ಕ.

ಎರಡು, ನಗರದ ಒಳಗೆ ನದಿಗೆ ಅದರ ಜಾಗ ಬಿಟ್ಟುಕೊಡಬೇಕು. ದಂಡೆಯನ್ನು ಎತ್ತರಿಸಿ ಗಟ್ಟಿ ಮಾಡಬೇಕು, ಅಲ್ಲಿಯ ಕೊಳಚೆ ತೆಗೆದು ಉದ್ಯಾನ, ನಡೆದಾಡುವ ದಾರಿ ಮಾಡಬೇಕು. ಉದ್ಯಾನಕ್ಕೆ ಎರಡು ಗಂಟೆ ನೀರು ನುಗ್ಗಿದರೆ ಹುಲ್ಲು ಒದ್ದೆಯಾಗುತ್ತದೆ, ಮನೆಗೆ ನುಗ್ಗಿದರೆ ಜೀವ ಹೋಗುತ್ತದೆ.

ವರದಿ ಕಪಾಟು ಸೇರಲಿಲ್ಲ. 1912ರಲ್ಲಿ ನಗರ ಸುಧಾರಣೆಗೆ ಮಂಡಳಿ ಆಯಿತು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಪೂರ್ತಿಯಾದವು. ನೆರೆ ತಡೆಯಲು ಕಟ್ಟಿದ ಆ ಜಲಾಶಯಗಳೇ ಹಲವು ದಶಕ ಹೈದರಾಬಾದಿಗೆ ಕುಡಿಯುವ ನೀರನ್ನೂ ಕೊಟ್ಟವು.

ದಿವಾನರಿಗೆ ಕಡಲು ಬೇಕಿತ್ತು

1909ರ ನವೆಂಬರಿನಲ್ಲಿ ವಿಶ್ವೇಶ್ವರಯ್ಯ ಮೈಸೂರಿನ ಚೀಫ್ ಎಂಜಿನಿಯರ್ ಆದರು. 1911ರಲ್ಲಿ ಕನ್ನಂಬಾಡಿಯ ಕೆಲಸ ಶುರುವಾಯಿತು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರನ್ನು ದಿವಾನರನ್ನಾಗಿ ಮಾಡಿದರು. 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ. ಈ ಪಟ್ಟಿ ಎಲ್ಲರಿಗೂ ಗೊತ್ತು.

ಅಷ್ಟು ಗೊತ್ತಿಲ್ಲದ್ದು ಒಂದುಂಟು. ಮೈಸೂರು ಸಂಸ್ಥಾನಕ್ಕೆ ಕಡಲೇ ಇರಲಿಲ್ಲ. ಕಾರ್ಕಳ, ಉಡುಪಿ, ಮಂಗಳೂರು ಸೇರಿದ ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು, ಉತ್ತರ ಕನ್ನಡ ಮುಂಬೈಯಲ್ಲಿ. ಮೈಸೂರಿನ ಮಾಲು ಹೊರಗೆ ಹೋಗಲು ಬಂದರು ಬೇಕು ಎಂದು ವಿಶ್ವೇಶ್ವರಯ್ಯ ಭಟ್ಕಳದ ಮೇಲೆ ಕಣ್ಣಿಟ್ಟಿದ್ದರು. ಘಟ್ಟ ಇಳಿದು ಕಡಲಿಗೆ ಬರುವ ರೈಲಿನ ಯೋಚನೆಯೂ ಇತ್ತು. ಎರಡೂ ಅವರ ಕಾಲದಲ್ಲಿ ಕೈಗೂಡಲಿಲ್ಲ. ಕರಾವಳಿ ಮೈಸೂರು ರಾಜ್ಯ ಸೇರಿದ್ದು 1956ರ ನವೆಂಬರ್ 1ರಂದು. ಆಗ ಅವರಿಗೆ 95 ದಾಟಿತ್ತು.

ದಿವಾನಗಿರಿ ಮುಗಿದದ್ದು ಸಂತೋಷದಲ್ಲಿ ಅಲ್ಲ. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಪಾಲು ಕೊಡಲು ಮಹಾರಾಜರು ಹೊರಟಾಗ ವಿಶ್ವೇಶ್ವರಯ್ಯ ಒಪ್ಪಲಿಲ್ಲ. ಪರೀಕ್ಷೆಯ ಅರ್ಹತೆಯೇ ಮುಖ್ಯ ಎಂಬುದು ಅವರ ನಿಲುವು. 1918ರ ಕೊನೆಗೆ ಹುದ್ದೆ ಬಿಟ್ಟರು. ಈ ವಿಷಯದಲ್ಲಿ ಕಾಲ ಮಹಾರಾಜರ ಕಡೆಗೇ ನಿಂತಿತು. ನೀರಿನ ಲೆಕ್ಕದಲ್ಲಿ ತಪ್ಪದ ಮನುಷ್ಯ ಎಲ್ಲ ಲೆಕ್ಕದಲ್ಲಿಯೂ ಸರಿ ಇರಬೇಕೆಂದಿಲ್ಲ.

76ನೇ ವಯಸ್ಸಿನಲ್ಲಿ ಮಹಾನದಿ

1937ರಲ್ಲಿ ಒರಿಸ್ಸಾದ ಕರಾವಳಿಯಲ್ಲಿ ಭಾರಿ ನೆರೆ. ಮಹಾನದಿ ಬಂಗಾಳ ಕೊಲ್ಲಿ ಸೇರುವ ಮೊದಲು ಹತ್ತಾರು ಕವಲಾಗಿ ಹರಡುವ ಮಟ್ಟಸ ಭೂಮಿ ಅದು. ಗಾಂಧೀಜಿ ಕೇಳಿಕೊಂಡದ್ದರಿಂದ ವಿಶ್ವೇಶ್ವರಯ್ಯ ಅಲ್ಲಿಗೆ ಹೋದರು. ದೊಡ್ಡ ಕಾರ್ಖಾನೆಗಳ ವಿಷಯದಲ್ಲಿ ಇಬ್ಬರದ್ದು ಬೇರೆ ಬೇರೆ ದಾರಿ. ಆದರೆ ನೀರಿನಲ್ಲಿ ಮುಳುಗಿದವರ ವಿಷಯಕ್ಕೆ ಅದು ಅಡ್ಡ ಬರಲಿಲ್ಲ. ಹೆಚ್ಚಿನವರು ಮನೆಯ ಚಾವಡಿಯಲ್ಲಿ ಕುಳಿತಿರುವ 76ರ ಪ್ರಾಯ ಅದು.

ಅಲ್ಲಿ ದಂಡೆಯುದ್ದಕ್ಕೂ ಮಣ್ಣಿನ ಏರಿಗಳಿದ್ದವು. ಅವು ಕಾಪಾಡುತ್ತಿವೆಯೋ ಕೊಲ್ಲುತ್ತಿವೆಯೋ ಎಂಬ ಚರ್ಚೆ ಮೊದಲಿನಿಂದಲೂ ಇತ್ತು. ನೆರೆ ಬರುವುದು ಈ ಭೂಮಿಯ ಗುಣ, ಏರಿ ಕಟ್ಟಿ ನೀರಿನ ದಾರಿಗೆ ಅಡ್ಡ ಮಾಡಿದ್ದೇ ತೊಂದರೆ, ಬೇಗ ಕಡಲಿಗೆ ಬಿಡಬೇಕು ಎಂದು 1928ರ ಒಂದು ಸಮಿತಿ ಹೇಳಿತ್ತು. ಏರಿ ಇಲ್ಲದ ಕಡೆ ನೀರು ತೆಳುವಾಗಿ ಹರಡಿ, ಗದ್ದೆಗೆ ಮೆಕ್ಕಲು ಮಣ್ಣು ಬಿಟ್ಟು ಹೋಗುತ್ತದೆ. ಏರಿ ಒಡೆದ ಕಡೆ ಒಂದೇ ಬಾಯಿಯಿಂದ ನುಗ್ಗಿ ಮರಳು ಸುರಿದು ಹೋಗುತ್ತದೆ.

ವಿಶ್ವೇಶ್ವರಯ್ಯ 1937 ಮತ್ತು 1939ರಲ್ಲಿ ವರದಿ ಕೊಟ್ಟರು. ಹೈದರಾಬಾದಿನ ದಾರಿಯೇ ಇಲ್ಲಿಯೂ. ಕೆಳಗೆ ಏರಿಯನ್ನು ಎತ್ತರಿಸುತ್ತಾ ಹೋಗುವುದಕ್ಕಿಂತ ಮೇಲೆ ನೀರು ಹಿಡಿಯುವ ಜಲಾಶಯಗಳ ಬಗ್ಗೆ ಯೋಚಿಸಬೇಕು, ಅದಕ್ಕೆ ಮೊದಲು ಇಡೀ ನದಿಯ ವಿವರವಾದ ತನಿಖೆ ಆಗಬೇಕು. ಆ ಯೋಚನೆ ಬೆಳೆದು ಕೊನೆಗೆ ಹಿರಾಕುಡ್ ಅಣೆಕಟ್ಟು ಆಯಿತು. 1957ರ ಜನವರಿ 13ರಂದು ನೆಹರೂ ಅದನ್ನು ಉದ್ಘಾಟಿಸಿದರು. ಎರಡೂ ಬದಿಯ ಮಣ್ಣಿನ ಏರಿ ಸೇರಿಸಿ ಅದರ ಉದ್ದ 25 ಕಿಲೋಮೀಟರಿಗೂ ಹೆಚ್ಚು.

ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಲಕ್ಷಕ್ಕೂ ಹೆಚ್ಚು ಜನ ಮನೆ, ಗದ್ದೆ, ದೇವಸ್ಥಾನ ಬಿಟ್ಟು ಎದ್ದು ಹೋಗಬೇಕಾಯಿತು. ಕೆಳಗಿನವರ ನೆರೆ ಕಡಿಮೆ ಮಾಡಲು ಮೇಲಿನವರು ಶಾಶ್ವತವಾಗಿ ಮುಳುಗಿದರು.

ಕಡಲಿನ ಕಡೆಯ ಬಾಗಿಲು

ಮಹಾನದಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. 1999ರ ಅಕ್ಟೋಬರ್ 29ರಂದು ಅದೇ ಕರಾವಳಿಗೆ ಸೂಪರ್ ಸೈಕ್ಲೋನ್ ಅಪ್ಪಳಿಸಿತು. ಈ ಸಲ ನೀರು ಬಂದದ್ದು ಘಟ್ಟದಿಂದಲ್ಲ, ಕಡಲಿನಿಂದ. ಹಿರಾಕುಡ್ ಕಡಲಿನಿಂದ ಮುನ್ನೂರು ಕಿಲೋಮೀಟರ್ ಆಸುಪಾಸು ಒಳಗಿದೆ. ಅದು ಏನು ಮಾಡೀತು? ಸುಮಾರು ಹತ್ತು ಸಾವಿರ ಮಂದಿ ಸತ್ತರು.

ಆಮೇಲೆ ಕೇಂದ್ರಾಪಾಡಾ ಜಿಲ್ಲೆಯಲ್ಲಿ ಸಂಶೋಧಕರು ಹಳ್ಳಿ ಹಳ್ಳಿಯ ಸಾವಿನ ಲೆಕ್ಕ ತೆಗೆದರು. 2009ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಂಡದ್ದು ಇದು: ಕಡಲಿಗೂ ಹಳ್ಳಿಗೂ ನಡುವೆ ಕಾಂಡ್ಲಾ ಕಾಡು ಅಗಲವಾಗಿ ಉಳಿದಿದ್ದ ಕಡೆ ಸಾವು ಕಡಿಮೆ. ಕಾಡು ಕಡಿದು ಗದ್ದೆ ಮಾಡಿದ ಕಡೆ ಸಾವು ಹೆಚ್ಚು. ಮುನ್ಸೂಚನೆ ಕೊಟ್ಟು ಜನರನ್ನು ಮೊದಲೇ ಕರೆದುಕೊಂಡು ಹೋದದ್ದರಿಂದ ಉಳಿದ ಜೀವಗಳು ಇನ್ನೂ ಹೆಚ್ಚು. ಆದರೂ ಕಾಂಡ್ಲಾ ತನ್ನ ಪಾಲಿನ ಕೆಲಸ ಮಾಡಿತ್ತು.

ಅದೇ ಜಿಲ್ಲೆಯ ಸಾತಭಾಯಾ ಎಂಬಲ್ಲಿ ಒಂದರ ಹಿಂದೆ ಒಂದು ಹಳ್ಳಿಯನ್ನು ಕಡಲು ನುಂಗಿತು. ಉಳಿದವರನ್ನು ಸರ್ಕಾರ ಬೇರೆ ಕಡೆ ಕೂರಿಸಬೇಕಾಯಿತು. ಕಡಲ ದಂಡೆ ನಿಲ್ಲುವುದು ನದಿ ತಂದು ಹಾಕುವ ಮರಳು, ಮಣ್ಣಿನಿಂದ. ಮೇಲೆ ಅಣೆಕಟ್ಟುಗಳು ಹೂಳನ್ನು ಹಿಡಿದಿಟ್ಟರೆ ಕೆಳಗೆ ದಂಡೆಗೆ ಬರುವ ಪಾಲು ಕಡಿಮೆಯಾಗುತ್ತದೆ. ವಿಶ್ವೇಶ್ವರಯ್ಯ ಕಾಲದ ಎಂಜಿನಿಯರಿಂಗ್ ನೀರಿನ ಲೆಕ್ಕ ಇಟ್ಟಷ್ಟು ಎಚ್ಚರದಿಂದ ಮರಳಿನ ಲೆಕ್ಕ ಇಡಲಿಲ್ಲ. ಅವರನ್ನು ಪರಿಸರವಾದಿ ಎಂದು ಕರೆದರೆ ಅದು ಸುಳ್ಳಾಗುತ್ತದೆ. ಅವರು ಕಾರ್ಖಾನೆ, ಯಂತ್ರ, ದೊಡ್ಡ ಅಣೆಕಟ್ಟುಗಳ ಮನುಷ್ಯ. ಆದರೆ ಕೆಲಸ ಶುರು ಮಾಡುವ ಮೊದಲು ನದಿ ಏನು ಮಾಡುತ್ತಿದೆ ಅಂತ ನೋಡುವ ಅಭ್ಯಾಸ ಅವರಿಗಿತ್ತು.

ಸ್ವರ್ಣೆಯ ದಾರಿ

ಈಗ ಊರಿನ ವಿಷಯಕ್ಕೆ ಬರೋಣ. ಸ್ವರ್ಣೆ ಘಟ್ಟದಲ್ಲಿ ಹುಟ್ಟಿ ಕಾರ್ಕಳ ತಾಲೂಕನ್ನು ಹಾದು ಹೋಗುತ್ತದೆ. ಮುಂಡ್ಲಿಯಲ್ಲಿ ಕಾರ್ಕಳ ಪೇಟೆಗೆ, ಬಜೆಯಲ್ಲಿ ಉಡುಪಿ, ಮಣಿಪಾಲಕ್ಕೆ ಕುಡಿಯುವ ನೀರು ಕೊಡುತ್ತದೆ. ಕೊನೆಗೆ ಸೀತಾ ನದಿಯ ಜೊತೆ ಕೋಡಿ ಬೆಂಗ್ರೆಯ ಹತ್ತಿರ ಅಳಿವೆಯಲ್ಲಿ ಕಡಲು ಸೇರುತ್ತದೆ. ಒಂದು ಪಕ್ಕ ನದಿ, ಇನ್ನೊಂದು ಪಕ್ಕ ಕಡಲು, ನಡುವೆ ಮರಳಿನ ಪಟ್ಟಿ, ಅದರ ಮೇಲೆ ಮನೆಗಳು. ಅದು ಕೋಡಿ ಬೆಂಗ್ರೆ.

ಕುಕ್ಕುಂದೂರು ಗುಡ್ಡದ ಊರು, ಕಡಲಿನ ನೆರೆಗೂ ಇಲ್ಲಿಗೂ ಎಂಥ ಸಂಬಂಧ ಎಂದು ಜೋಡುರಸ್ತೆಯಲ್ಲಿ ನಿಂತವರಿಗೆ ಅನಿಸಬಹುದು. ಸಂಬಂಧ ಉಂಟು. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಕಡಲಿನ ಭರತ ಏರಿದಾಗ ಅಳಿವೆಯಲ್ಲಿ ನದಿಯ ನೀರು ಬೇಗ ಹೊರಗೆ ಹೋಗುವುದಿಲ್ಲ. ಅದೇ ಹೊತ್ತಿಗೆ ಮೇಲಿನಿಂದ ನೀರು ಒಮ್ಮೆಲೇ ಬಂದರೆ ನಡುವಿನ ಬೈಲು, ಪೇಟೆ ಮುಳುಗುತ್ತವೆ. ಮೇಲೆ ನೀರು ಎಷ್ಟು ನಿಧಾನ ಇಳಿಯುತ್ತದೋ ಕೆಳಗಿನವರು ಅಷ್ಟು ಸುರಕ್ಷಿತ. ಮುರಕಲ್ಲಿನ ಗುಡ್ಡ ನೀರು ಕುಡಿಯುತ್ತದೆ. ಅದನ್ನು ಕಡಿದು ಸಮತಟ್ಟು ಮಾಡಿ ಕಾಂಕ್ರೀಟ್ ಹಾಕಿದರೆ ಅದೇ ನೀರು ಅರ್ಧ ಗಂಟೆಯಲ್ಲಿ ತೋಡಿಗೆ ಬರುತ್ತದೆ. ಗದ್ದೆ ಬೈಲಿನಲ್ಲಿ ಒಂದು ದಿನ ನಿಲ್ಲುತ್ತಿದ್ದ ನೀರು, ಮಣ್ಣು ತುಂಬಿಸಿದ ಜಾಗದಲ್ಲಿ ನಿಲ್ಲುವುದಿಲ್ಲ, ಪಕ್ಕದವನ ಅಂಗಡಿಗೆ ಹೋಗುತ್ತದೆ.

ಹಿಂದಿನವರು ಎರಡನ್ನೂ ಸೇರಿಸಿಯೇ ಮಾಡಿದ್ದರು. ಕಾರ್ಕಳದ ಆನೆಕೆರೆ, ರಾಮಸಮುದ್ರ ಸುಮ್ಮನೆ ಚಂದಕ್ಕೆ ಇರುವುದಲ್ಲ. ಊರೂರಿನ ಮದಗಗಳು, ಮಳೆ ಕಳೆದ ಮೇಲೆ ತೋಡಿಗೆ ಮಣ್ಣು, ಕಲ್ಲು ಹಾಕಿ ಕಟ್ಟುತ್ತಿದ್ದ ಕಟ್ಟ, ಈಗಿನ ಕಿಂಡಿ ಅಣೆಕಟ್ಟು ಎಲ್ಲ ಒಂದೇ ಸಾಲಿನವು. ಕಿಂಡಿ ಅಣೆಕಟ್ಟಿಗೆ ಮಳೆಗಾಲದಲ್ಲಿ ಹಲಗೆ ತೆಗೆದು ನೀರಿಗೆ ದಾರಿ ಬಿಡುತ್ತಾರೆ, ಮಳೆ ಮುಗಿದ ಮೇಲೆ ಹಾಕುತ್ತಾರೆ. ಖಡಕ್‌ವಾಸ್ಲಾದಲ್ಲಿ ಬಾಗಿಲು ತಾನಾಗಿ ತೆರೆಯುತ್ತಿತ್ತು, ಇಲ್ಲಿ ಹಲಗೆಯನ್ನು ಜನ ತೆಗೆಯಬೇಕು. ಸಮಯಕ್ಕೆ ತೆಗೆಯದಿದ್ದರೆ ಕಸ, ಮರದ ದಿಮ್ಮಿ ಸಿಕ್ಕಿಕೊಂಡು ಬದಿಯ ತೋಟ ಕೊಚ್ಚಿ ಹೋಗುತ್ತದೆ.

ಕಡಲ ಬದಿಯಲ್ಲಿ ಕಾಪು, ಪಡುಬಿದ್ರಿ, ಮರವಂತೆಯ ಜನರಿಗೆ ಬಂಡೆಕಲ್ಲಿನ ತಡೆಗೋಡೆ ಗೊತ್ತಿರುವುದೇ. ಲಾರಿಗಟ್ಟಲೆ ಕಲ್ಲು ಬರುತ್ತದೆ, ಅಲೆ ಕಲ್ಲಿನ ಬುಡದ ಮರಳು ಎಳೆಯುತ್ತದೆ, ಕಲ್ಲು ಕುಸಿಯುತ್ತದೆ, ಮತ್ತೆ ಲಾರಿ. ಗೋಡೆ ಮುಗಿದ ತುದಿಯಲ್ಲಿ ಕೊರೆತ ಇನ್ನೂ ಜೋರು. ಮನೆಯ ಬುಡಕ್ಕೆ ಅಲೆ ಬಂದಾಗ ಕಲ್ಲು ಬೇಡ ಎಂದು ಹೇಳಲು ಯಾರಿಗೂ ಬಾಯಿ ಬರುವುದಿಲ್ಲ, ಹೇಳಲೂ ಬಾರದು. ಆದರೆ ಕಲ್ಲು ಒಂದೇ ಸಾಲದು. ಉಳ್ಳಾಲದಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದ ಯೋಜನೆಯಲ್ಲಿ ಅಲೆಯ ಬಲವನ್ನು ದಡಕ್ಕೆ ಬರುವ ಮೊದಲೇ ಮುರಿಯಲು ಕಡಲೊಳಗೆ ರೀಫ್ ಕಟ್ಟಿದ್ದು ಇದೇ ಕಾರಣಕ್ಕೆ. ಮೂಸಿಯಲ್ಲಿ ನಗರದ ಮೇಲೆ ನೀರು ಹಿಡಿದ ಹಾಗೆ, ಇಲ್ಲಿ ದಡಕ್ಕೆ ಮೊದಲೇ ಅಲೆಯನ್ನು ಹಿಡಿಯುವುದು.

ಅದರ ಹಿಂದೆ ಮರಳಿನ ದಿಬ್ಬ, ದಿಬ್ಬ ಹಿಡಿದಿಡುವ ಅಡುಂಬು ಬಳ್ಳಿ ಬೇಕು. ಅಳಿವೆಯ ಒಳಗೆ ಕಾಂಡ್ಲಾ ಬೇಕು. ಸ್ವರ್ಣೆ, ಸೀತೆಯ ಹಿನ್ನೀರಿನಲ್ಲಿಯೂ ಕುಂದಾಪುರದ ಪಂಚಗಂಗಾವಳಿಯಲ್ಲಿಯೂ ಕಾಂಡ್ಲಾ ಇನ್ನೂ ಉಂಟು. ಉಪ್ಪು ನೀರು ಗದ್ದೆಗೆ ಬಾರದ ಹಾಗೆ ಕಟ್ಟುವ ಖಾರ್‌ಲ್ಯಾಂಡ್ ದಂಡೆಯ ಹೊರಗೆ ಕಾಂಡ್ಲಾ ಇದ್ದರೆ ದಂಡೆಯ ಆಯುಷ್ಯ ಹೆಚ್ಚು. ಬೇರು ಕೆಸರನ್ನು ಹಿಡಿಯುತ್ತದೆ, ಅಲೆ ದಂಡೆಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ಕಲ್ಲು ವರ್ಷ ಹೋದಂತೆ ಕುಸಿಯುತ್ತದೆ, ಕಾಂಡ್ಲಾ ವರ್ಷ ಹೋದಂತೆ ಬೆಳೆಯುತ್ತದೆ.

ಕೊನೆಯ ವರ್ಷಗಳು

1955ರಲ್ಲಿ ವಿಶ್ವೇಶ್ವರಯ್ಯ ಅವರಿಗೆ ಭಾರತ ರತ್ನ ಬಂತು. ನೂರು ವರ್ಷ ತುಂಬಿದ ಮೇಲೆ, 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಹುಟ್ಟಿದ ಮುದ್ದೇನಹಳ್ಳಿಯಲ್ಲೇ ಸಮಾಧಿ.

ಅವರ ಜಲಾಶಯಗಳು ಹೈದರಾಬಾದಿನಲ್ಲಿ ಇನ್ನೂ ನಿಂತಿವೆ. ಅವುಗಳಿಗೆ ನೀರು ಬರುವ ಪ್ರದೇಶ ಹಾಳಾಗಬಾರದು ಎಂದು 1996ರಲ್ಲಿ ಅಲ್ಲಿಯ ಸರ್ಕಾರ ಸುತ್ತಲಿನ 84 ಹಳ್ಳಿಗಳಲ್ಲಿ ದೊಡ್ಡ ಕಟ್ಟಡಗಳಿಗೆ ಕಡಿವಾಣ ಹಾಕಿತ್ತು. 2022ರಲ್ಲಿ ಆ ಕಡಿವಾಣವನ್ನು ಸಡಿಲಿಸುವ ಆದೇಶ ಬಂತು. ನಡುವೆ 2020ರ ಅಕ್ಟೋಬರಿನಲ್ಲಿ, ಉಡುಪಿ ಮುಳುಗಿ ಒಂದು ತಿಂಗಳೂ ಆಗಿರಲಿಲ್ಲ, ಹೈದರಾಬಾದ್ ಮತ್ತೆ ಮುಳುಗಿತು. ನಗರದೊಳಗಿನ ಕೆರೆಗಳ ಏರಿ ಒಡೆದವು, ನೀರಿನ ದಾರಿಯಲ್ಲಿ ಎದ್ದಿದ್ದ ಬಡಾವಣೆಗಳಿಗೆ ನೀರು ನುಗ್ಗಿತು. 1909ರ ವರದಿಯ ಅರ್ಧವನ್ನು ನಗರ ಕಟ್ಟಿಕೊಂಡಿತ್ತು. ಕೆರೆ ಕಾಯಬೇಕು, ನದಿಗೆ ಜಾಗ ಬಿಡಬೇಕು ಎಂಬ ಉಳಿದರ್ಧವನ್ನು ಮರೆತಿತ್ತು.

ಮುಂದಿನ ಸೆಪ್ಟೆಂಬರ್ 15ಕ್ಕೆ ಮತ್ತೆ ಫೋಟೋಕ್ಕೆ ಹಾರ ಬೀಳುತ್ತದೆ. ಹಾರ ಹಾಕಿ ಹೊರಗೆ ಬಂದವರು ಹತ್ತಿರದ ತೋಡಿನ ಬದಿಗೆ ಒಮ್ಮೆ ಹೋಗಿ, ಅದರ ಅಗಲ ಹತ್ತು ವರ್ಷದ ಹಿಂದೆ ಎಷ್ಟಿತ್ತು, ಈಗ ಎಷ್ಟಿದೆ ಎಂದು ಟೇಪು ಹಿಡಿದು ನೋಡಬಹುದು. ವಿಶ್ವೇಶ್ವರಯ್ಯ ಇದ್ದಿದ್ದರೆ ಭಾಷಣಕ್ಕೆ ಮೊದಲು ಅದನ್ನೇ ಮಾಡುತ್ತಿದ್ದರು.